ತೊಂಬತ್ತಕ್ಕೆ ಎರಡು ಕಮ್ಮಿ

ಈ ದಾಂಡಿಗೆ ನಾನು ಐನೂರು ರೂಪಾಯಿ ಕೊಟ್ಟೆ. ಒಂದೂಕಾಲು ಮೊಳದ ಕೋಲು. ಹಳೇ ಕೈಮಗ್ಗದ ಯಾವುದೋ ಕೋಲನ್ನು ಕತ್ತರಿಸಿ, ತುದಿ ಹೆರೆದು, ಚಿನ್ನಿ ದಾಂಡು ಆಡುವುದಕ್ಕೆ ಮಾಡಿಕೊಂಡದ್ದು. ಸೌದೆ ಅಂತ ತೂಕಕ್ಕೆ ಹಾಕಿದರೆ ಐದು ರೂಪಾಯಿ ಹುಟ್ಟುವುದಿಲ್ಲ. ಮೊದಲು ಹೇಳಿದ ಬೆಲೆಗೆ ನಾನು ಜೀವಮಾನದಲ್ಲಿ ಒಂದು ಕಂತೆ ಸೊಪ್ಪನ್ನೂ ಕೊಂಡವನಲ್ಲ. ಇದಕ್ಕೆ ಮಾತ್ರ ಇದನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಹೆಣ್ಣುಮಗಳು ಐನೂರು ಅಂದರು, ನಾನು ಕೊಟ್ಟು ಎದ್ದು ಬಂದೆ. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ದಾಂಡಿನ ಒಡೆಯರ ವಿಷಯ ಹೇಳಬೇಕು. ಹೆಸರು ಬೇಡ. ನಾವು ಕರೆಯುತ್ತಿದ್ದದ್ದು ಮಗ್ಗದಯ್ಯ ಅಂತ.

ನನ್ನದು ಹನೂರು ಕಡೆ ಹುಣಸೆ ಮರ ಹಿಡಿಯುವ ವ್ಯಾಪಾರ. ಕಾಯಿ ಇನ್ನೂ ಮರದ ಮೇಲಿರುವಾಗಲೇ ಬುಡದಲ್ಲಿ ನಿಂತು, ಕತ್ತೆತ್ತಿ ನೋಡಿ, ಇದರಲ್ಲಿ ಇಷ್ಟು ಹಣ್ಣು ಇಳಿಯುತ್ತದೆ ಅಂತ ಅಂದಾಜು ಕಟ್ಟಿ ಇಡೀ ಫಸಲನ್ನು ಮಾತಾಡಿಕೊಂಡುಬಿಡುವುದು. ತಕ್ಕಡಿ ಇಲ್ಲ, ಕಲ್ಲಿಲ್ಲ. ಕಣ್ಣೇ ಬಂಡವಾಳ. ನಮ್ಮಪ್ಪ ಬಿಟ್ಟು ಹೋದದ್ದು ಒಂದು ಸೈಕಲ್ಲು, ಅದರ ಟೈರೂ ಬೋಳು. ಇವತ್ತು ಮನೆ ಇದೆ, ಲಾರಿ ಇದೆ ಅಂದರೆ ಈ ಕಣ್ಣಿನಿಂದ.

ಮಗ್ಗದಯ್ಯನವರದು ಪೂರ್ತಿ ಉಲ್ಟಾ ಕಸುಬು. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಎಳೆ ಎಣಿಸದೆ ಅವರ ಕೈ ಮುಂದೆ ಹೋಗುತ್ತಿರಲಿಲ್ಲ. ಮಗಳ ಮದುವೆ ಸೀರೆಗೆ ಅಂತ ಅವರ ಮನೆಗೆ ಹೋಗಿದ್ದೆ. ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಮಗ್ಗದ ಮುಂದೆ ಕೂತಿದ್ದರು. ನಾನು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಹೊಗಳಿದೆ, ಹಳಿದೆ, ಎದ್ದು ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಅವರು ಲಾಳಿ ಓಡಿಸುತ್ತಲೇ ಇದ್ದರು. ಕೊನೆಗೆ ತಲೆ ಎತ್ತಿ, “ಯಜಮಾನ್ರೇ, ನೀವು ಮಾತಾಡ್ತಾ ಇದ್ದಂಗೆ ನಾನು ನಾಕು ಬೆರಳು ನೇದೆ. ಬೆಲೆ ಮಾತ್ರ ಕುಂತ ತಾವೇ ಕುಂತದೆ” ಅಂದರು.

ನಕ್ಕುಬಿಟ್ಟೆ. ಹೇಳಿದಷ್ಟು ಕೊಟ್ಟೆ ಅನ್ನುವುದಿಲ್ಲ, ಒಂದು ರವಿಕೆ ಕಣ ಮೇಲೆ ಹಾಕಿಸಿಕೊಂಡೆ. ಏಳುವಾಗ ಅವರ ಹೆಂಡತಿ, ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದವರು, “ಇವರ್ನ ಎಲ್ಲಾರ ಕರ್ಕಂಡೋಗಿ ಸಾ. ಈ ಗುಂಡೀಲಿ ಕುಂತು ಕುಂತು ಸೊಂಟ ಮಡಿಚ್ಕಂಡೋಗದೆ” ಅಂದರು.

ಆಗ ನಾವು ಭಾನುವಾರದ ಬೆಳಗ್ಗೆ ಕಾಮಗೆರೆ ಹತ್ತಿರ ಜೋಳ ಕೊಯ್ದ ಮೇಲೆ ಬೀಳು ಬಿಟ್ಟಿದ್ದ ಒಂದು ಹೊಲದಲ್ಲಿ ಚಿನ್ನಿ ದಾಂಡು ಶುರು ಮಾಡಿದ್ದೆವು. ನನಗೂ, ಮಾಂಬಳ್ಳಿಯಲ್ಲಿ ಬೆಲ್ಲದ ಆಲೆ ಇಟ್ಟಿರುವ ಸಿದ್ರಾಜುಗೂ ಡಾಕ್ಟರು ಶುಗರ್ ಅಂತ ಹೇಳಿ ದಿನಾ ನಡೆಯಿರಿ ಅಂದಿದ್ದರು. ಸುಮ್ಮನೆ ನಡೆಯುವುದು ದನಕ್ಕೂ ಬೇಜಾರು. ಒಡೆಯರಪಾಳ್ಯದ ಕಡೆಯಿಂದ ಮುರುಗೇಶ ಬರುತ್ತಿದ್ದ. ಮುಸುಕಿನ ಜೋಳ ಬೆಳೆಯುವವನು, ಕೋಪ ಬಂದರೆ ತಮಿಳು, ಸಮಾಧಾನವಾದರೆ ಕನ್ನಡ. ಇನ್ನು ಮೂರು ನಾಲ್ಕು ಜನ ಬಂದರೆ ಬಂದರು. ಎಲ್ಲರೂ ಐವತ್ತು ದಾಟಿದವರೇ. ಹೊಲದ ಬದುವಿನ ಹುಣಸೆ ಮರಗಳನ್ನು ನಾನೇ ಹಿಡಿಯುತ್ತಿದ್ದರಿಂದ ಹೊಲದವರು ಬೇಡ ಅನ್ನಲಿಲ್ಲ.

ಅಲ್ಲಿಗೇ ಬನ್ನಿ ಅಂತ ಮಗ್ಗದಯ್ಯನವರಿಗೆ ಹೇಳಿ ಬಂದಿದ್ದೆ. ಮುಂದಿನ ಭಾನುವಾರ ಅವರು ಹನೂರು ಬಸ್ಸಿನಲ್ಲಿ ಬಂದು ಇಳಿದರು. ಪಂಚೆ ಮೇಲೆ ಕಟ್ಟಿ, ಕಂಕುಳಲ್ಲಿ ಈ ದಾಂಡು. ನಾವು ಚಿನ್ನಿ ಇಡುವ ಗುಂಡಿಯನ್ನು ನೋಡಿ, “ಗುಂಡೀಲಿ ಕಾಲಿಟ್ಟೇ ಮೂರು ಹೆಣ್ಮಕ್ಕಳ ಮದುವೆ ಮಾಡಿದೋನು ನಾನು. ಇದ್ಯಾವ ಗುಂಡಿ ಬುಡಿ” ಅಂದರು. ಮುರುಗೇಶ ಬಿದ್ದು ಬಿದ್ದು ನಕ್ಕ. ಅವತ್ತಿನಿಂದ ನಮ್ಮವರಾದರು.

ಆಟ ಅವರಿಗೆ ಬರುತ್ತಿರಲಿಲ್ಲ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಚಿನ್ನಿ ಚಿಮ್ಮಿ ಮೇಲೆದ್ದು, ಅವರು ದಾಂಡು ಬೀಸುವಷ್ಟರಲ್ಲಿ ನೆಲಕ್ಕೆ ಬಂದು ಮಲಗಿರುತ್ತಿತ್ತು. ಸೊಂಟ ತಿರುಗುತ್ತಿರಲಿಲ್ಲ. ಹಾಗಾಗಿ ಎರಡನೇ ವಾರದಿಂದಲೇ ಅವರು ಎಣಿಕೆಗೆ ನಿಂತರು.

ಈ ಆಟದ ಎಣಿಕೆಯಲ್ಲಿ ಒಂದು ಪದ್ಧತಿ ಇದೆ, ಚಿಕ್ಕಂದಿನಲ್ಲಿ ಆಡಿದವರಿಗೆ ನೆನಪಿರಬಹುದು. ಚಿನ್ನಿ ಹೊಡೆದವನು ಅದು ಬಿದ್ದ ಜಾಗ ನೋಡಿ, ಗುಂಡಿಯಿಂದ ಇಷ್ಟು ದಾಂಡು ದೂರ ಅಂತ ಕೇಳಬೇಕು. “ಅರವತ್ತು!” ಎದುರಿನವರಿಗೆ ಒಪ್ಪಿಗೆಯಾದರೆ “ಕೊಟ್ವಿ” ಅನ್ನುತ್ತಾರೆ, ಅರವತ್ತು ಅವನದು. ಅನುಮಾನ ಬಂದರೆ “ಅಳಿ” ಅನ್ನುತ್ತಾರೆ. ದಾಂಡನ್ನು ನೆಲಕ್ಕೆ ಮಲಗಿಸಿ, ತುದಿಗೆ ತುದಿ ಸೇರಿಸುತ್ತಾ ಅಳೆಯಬೇಕು. ಅರವತ್ತಕ್ಕೆ ಮೇಲಾದರೂ ಕೇಳಿದಷ್ಟೇ. ಒಂದು ಕಮ್ಮಿಯಾದರೂ ಔಟ್, ಅಲ್ಲಿಯವರೆಗಿನದ್ದೂ ಹೋಯಿತು. ನನಗೆ ಹೇಳಿ ಮಾಡಿಸಿದ ಆಟ. ಕಣ್ಣಲ್ಲಿ ಅಂದಾಜು ಮಾಡು, ಸ್ವಲ್ಪ ಏರಿಸಿ ಕೇಳು, ಎದುರಿನವನ ಮುಖ ನೋಡಿ ದಕ್ಕಿಸಿಕೋ. ನನ್ನ ದಿನನಿತ್ಯದ ಕೆಲಸವೇ ಅದು.

ಮಗ್ಗದಯ್ಯ ಬಂದ ಮೇಲೆ “ಕೊಟ್ವಿ” ಅನ್ನುವ ಮಾತೇ ನಿಂತುಹೋಯಿತು. ಯಾರು ಎಷ್ಟು ಕೇಳಲಿ, ಅವರು ಆಗಲೇ ದಾಂಡು ಹಿಡಿದು ಗುಂಡಿಯ ಹತ್ತಿರ ಬಗ್ಗಿರುತ್ತಿದ್ದರು. ಒಂದು ಕೈ ಸೊಂಟದ ಮೇಲೆ, ಒಂದು ಕೈ ದಾಂಡಿನ ಮೇಲೆ. ದಾಂಡಿನ ತುದಿ ಮುಟ್ಟಿದ ಜಾಗಕ್ಕೆ ಹೆಬ್ಬೆರಳು ಒತ್ತಿ ಗುರುತು ಮಾಡಿ ಮುಂದಕ್ಕೆ. ಒಂದು ಸಲ ಬೇಗ ಆಗಲಿ ಅಂತ ನಾನು ಅಳೆಯಲು ಹೋಗಿ, ರಾಶಿ ಅಳೆಯುವವರ ಅಭ್ಯಾಸದಂತೆ “ಲಾಭ, ಎರಡು, ಮೂರು” ಅಂತ ಶುರು ಮಾಡಿದೆ. ಅವರು ದಾಂಡು ಇಸಕೊಂಡು, “ಒಂದು ಅಂದ್ರೆ ಒಂದೇ ಯಜಮಾನ್ರೇ. ಅದ್ಕೆ ಲಾಭ ಅಂದ್ರೆ ಎರಡಾಯ್ತದಾ?” ಅಂದರು.

ಪುಸ್ತಕ ಪೆನ್ನು ಇರಲಿಲ್ಲ. ಜೇಬಿನಲ್ಲಿ ಬಣ್ಣಬಣ್ಣದ ರೇಷ್ಮೆ ಚೂರುಗಳು. ನನಗೆ ಹಸಿರು, ಸಿದ್ರಾಜುಗೆ ಕೆಂಪು, ಮುರುಗೇಶನಿಗೆ ಅರಿಸಿನದ ಬಣ್ಣ. ಹತ್ತು ದಾಂಡಿಗೆ ಒಂದು ಗಂಟು, ಮೇಲೆ ಉಳಿದ ಬಿಡಿಗೆ ತುದಿಯಲ್ಲಿ ಸಣ್ಣ ಗಂಟು. ಸೀರೆಯ ಅಂಚಿನಲ್ಲಿ ಹೂವು ನೇಯುವಾಗ ಎಷ್ಟಾಯಿತು ಅಂತ ಹೀಗೇ ಗುರುತು ಇಟ್ಟುಕೊಳ್ಳುತ್ತಿದ್ದರಂತೆ. ಆಟ ಮುಗಿದ ಮೇಲೆ ಎಳೆಗಳನ್ನು ಬೆರಳಲ್ಲಿ ಓಡಿಸಿ, ಕಣ್ಣು ಮುಚ್ಚಿಕೊಂಡು ಯಾರದು ಎಷ್ಟು ಅಂತ ಹೇಳುತ್ತಿದ್ದರು. ಒಂದು ಸಲ ಸಿದ್ರಾಜು, “ಒಂದೆರಡು ಎಚ್ಚುಕಮ್ಮಿ ಆದ್ರೆ ಯಾರ ಅಪ್ಪನ ಮನೆ ಗಂಟು ಓಯ್ತದೆ, ಬುಡಿ ಅಯ್ಯಾ” ಅಂದದ್ದಕ್ಕೆ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಬಿಟ್ಟೋದ ಎಳೆ ಸೀರೆ ಉಟ್ಟೋಳಿಗೆ ಕಾಣಕಿಲ್ಲ ಕಣಪ್ಪಾ. ನೇದೋನಿಗೆ ಕಾಣ್ತದೆ. ಅವನು ಸಾಯಗಂಟ ಕಾಣ್ತದೆ.”

ಹೀಗೆ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ನಡೆಯಿತು. ಆಟ ನಿಧಾನ ಅಂತ ಆಗಾಗ ಗೊಣಗಾಟ ಇತ್ತು. ಸಿದ್ರಾಜುಗೆ ಆಲೆಯ ಕೊಪ್ಪರಿಗೆ ನೆನಪು, ಮುರುಗೇಶನಿಗೆ ಬಸ್ಸು. ಗೊಣಗಾಟ ಗೊಣಗಾಟವಾಗಿಯೇ ಇತ್ತು, ಆ ಭಾನುವಾರದ ತನಕ.

ಆ ಭಾನುವಾರ ಒಂದು ದೊಡ್ಡ ಹುಣಸೆ ತೋಪಿನ ಅಣ್ಣತಮ್ಮಂದಿರು ನನ್ನ ಹತ್ತಿರ ಮಾತಿಗೆ ಬರಬೇಕಿತ್ತು. ನಾಲ್ಕು ಜನ ವ್ಯಾಪಾರಿಗಳು ಆ ತೋಪಿನ ಮೇಲೆ ಕಣ್ಣಿಟ್ಟಿದ್ದರು. ಹೊಲಕ್ಕೇ ಬನ್ನಿ ಅಂದಿದ್ದೆ. ಬಂದು ಬದುವಿನ ಮೇಲೆ ನಿಂತರು. ಅವರು ನೋಡುತ್ತಿದ್ದಾರೆ ಅಂತ ನನಗೆ ಹುರುಪು. ಎಳೆದು ಹೊಡೆದೆ. ಚಿನ್ನಿ ಹಾರಿಹೋಗಿ ಆಚೆ ಬದುವಿನ ಕಲ್ಲಿಗೆ ತಾಗಿ ಅಲ್ಲೇ ಬಿತ್ತು. ಮೀಸೆ ತೀಡಿಕೊಂಡು “ತೊಂಬತ್ತು” ಅಂದೆ. ತೋಪಿನ ಹಿರಿಯವನು ತಮ್ಮನಿಗೆ, “ಕಣ್ಣು ನೋಡು ಕಣ್ಲಾ ಯಜಮಾನ್ರುದು” ಅಂದ.

ಮಗ್ಗದಯ್ಯ ಬಗ್ಗಿದರು. ನಾವು ಬದುವಿನ ಮೇಲೆ ತೋಪಿನವರ ಜೊತೆ ಮಾತಾಡುತ್ತಾ ನಿಂತೆವು. ಅಳೆದು ಮುಗಿಸಿ, ಕಲ್ಲಿನ ಹತ್ತಿರ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಎದ್ದು, ಯಾವತ್ತೂ ಇಲ್ಲದಷ್ಟು ಮೆಲ್ಲಗೆ, “ಎಂಬತ್ತೆಂಟು” ಅಂದರು.

ನಾನು ಔಟ್.

“ತೊಂಬತ್ತಕ್ಕೆ ಎರಡು ಕಮ್ಮಿ!” ತೋಪಿನ ಹಿರಿಯವನು ಚಪ್ಪಾಳೆ ಹೊಡೆದ. “ಅಷ್ಟು ದೂರಕ್ಕೆ ಎರಡೇ ಕಮ್ಮಿ ಅಂದ್ರೆ ಅದೇನ್ ಕಣ್ರಿ ಕಣ್ಣು! ತೋಪು ನಿಮ್ದೇ ಬುಡಿ.” ಅಲ್ಲೇ ಮಾತು ಮುಗಿಯಿತು. ನಿಜ ಹೇಳುತ್ತೇನೆ, ಆಗಲೂ ನನಗೆ ಸಮಾಧಾನವಿಲ್ಲ. ಬರೀ ಎರಡು ದಾಂಡಿಗೆ ಎಲ್ಲರೆದುರು ನನ್ನನ್ನು ಔಟ್ ಮಾಡಿದರಲ್ಲ, “ಕೊಟ್ವಿ” ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅಂತ ಹೊಟ್ಟೆ ಉರಿಯುತ್ತಿತ್ತು. ಅದರ ಮೇಲೆ ಸಿದ್ರಾಜು ಹೆಸರಿಟ್ಟ. ಮುಂದಿನ ವಾರ ನಾನು ಗಾಡಿಯಿಂದ ಇಳಿಯುವ ಮೊದಲೇ, “ಬಂದ್ರು ನೋಡ್ರಪ್ಪಾ ಎರಡ್ ಕಮ್ಮಿ ಯಜಮಾನ್ರು!” ಅದರ ಮುಂದಿನ ವಾರವೂ ಅದೇ. ಒಂದು ದಿನ ಹನೂರಿನ ಟೀ ಅಂಗಡಿಯಲ್ಲಿ ಯಾರೋ ಗುರುತಿಲ್ಲದವನು, “ಎರಡ್ ಕಮ್ಮಿ ಅಂದ್ರೆ ನೀವೇಯಾ ಸಾ?” ಅಂದ. ಕಣ್ಣೇ ಬಂಡವಾಳ ಆಗಿರುವವನಿಗೆ ಈ ಹೆಸರು ಹೇಗಿರುತ್ತದೆ, ಯೋಚನೆ ಮಾಡಿ.

ಆಗ ನಾನು ಮೊಬೈಲ್ ತೆಗೆದೆ. ಆಟ ಶುರುವಾದ ಹೊತ್ತು, ಮುಗಿದ ಹೊತ್ತು ನೋಡಿಟ್ಟುಕೊಂಡೆ. ಒಂದೂಮುಕ್ಕಾಲು ಗಂಟೆ. ಅದರಲ್ಲಿ ಎಣಿಕೆಗೇ ಅರ್ಧ ಹೋಗುತ್ತದೆ ಅಂತ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆ. ವ್ಯಾಪಾರದಲ್ಲಿ ಗುಂಪನ್ನು ಒಟ್ಟಿಗೆ ಕೇಳಬಾರದು, ಬಿಡಿಬಿಡಿಯಾಗಿ ಒಪ್ಪಿಸಬೇಕು. ಅರ್ಧ ಅನ್ನುವುದು ನನ್ನ ಬಾಯಿಂದ ಬಂದದ್ದು, ಅಳೆದದ್ದಲ್ಲ. “ನಾವೇನು ಕಪ್ ಗೆಲ್ಲಬೇಕಾ? ಖುಷಿಗೆ ಆಡೋರಿಗೆ ಲೆಕ್ಕ ಯಾಕೆ?” ಅಂದೆ. ಎಲ್ಲರೂ ಹೌದು ಅಂದರು.

ಭಾನುವಾರ ನಾನೇ ಹೇಳಿದೆ: “ಮಗ್ಗದಯ್ಯ, ಇವತ್ತಿಂದ ಲೆಕ್ಕ ಬೇಡ. ಆಟ ತಡ ಆಗ್ತದೆ.”

ಅವರ ಮುಖ ಬಿಳಿಚಿತು. ನನ್ನ ಕಡೆ ನೋಡಿ, “ಲೆಕ್ಕದಲ್ಲಿ ಏನಾರ ತಪ್ಪು ಕಂಡ್ರಾ ಸಾ?” ಅಂದರು. ಅಲ್ಲಿಯವರೆಗೆ ಅವರು ನನ್ನನ್ನು ಸಾ ಅಂದವರಲ್ಲ, ಯಜಮಾನ್ರೇ ಅಂತಲೇ ಕರೆಯುತ್ತಿದ್ದದ್ದು.

ನಾನು ಉತ್ತರ ಕೊಡಲಿಲ್ಲ. ನನ್ನ ಕಸುಬಿನಲ್ಲಿ ಇದು ಮೊದಲನೇ ಪಾಠ. ಎದುರಿನವನು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತಾ ನಿಂತರೆ, ಅವನೇ ತಡೆಯಲಾರದೆ ಒಂದು ಮೆಟ್ಟಿಲು ಇಳಿಯುತ್ತಾನೆ. ನಾನು ಬಗ್ಗಿ ಚಿನ್ನಿಗೆ ಅಂಟಿದ ಮಣ್ಣು ಒರೆಸುತ್ತಾ ನಿಂತೆ. ಅವರು ಇಳಿದರು. ಜೇಬಿನಿಂದ ತೆಗೆದಿದ್ದ ಎಳೆಗಳನ್ನು ಒಂದೊಂದಾಗಿ ಮಡಿಚಿ ಒಳಗಿಟ್ಟುಕೊಂಡು, “ಆಗ್ಲಿ ಸಾ, ಬುಡಿ” ಅಂದರು.

ಇನ್ನೆರಡು ಭಾನುವಾರ ಬಂದರು. ಮೂಲೆಯಲ್ಲಿ ದಾಂಡು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ಎರಡು ಸಲ ಬೀಸುತ್ತಿದ್ದರು, ಚಿನ್ನಿ ಸಿಗುತ್ತಿರಲಿಲ್ಲ, ಹೋಗಿ ಮತ್ತೆ ನಿಲ್ಲುತ್ತಿದ್ದರು. ಮೂರನೇ ಭಾನುವಾರ ಬಸ್ಸಿನಿಂದ ಇಳಿಯಲಿಲ್ಲ.

ಈಗ ಆಟದ ವಿಷಯಕ್ಕೆ ಬರುತ್ತೇನೆ, ಅದನ್ನೂ ನಾನು ಮೊಬೈಲಿನಲ್ಲೇ ನೋಡಿದೆ. ಎಣಿಕೆ ಬಿಟ್ಟ ಮೊದಲ ವಾರ ಆಟ ಒಂದೂಕಾಲು ಗಂಟೆಗೆ ಮುಗಿಯಿತು. ಎಲ್ಲರಿಗೂ ಕೇಳುವಂತೆ ಹೇಳಿಕೊಂಡೆ. ಒಂದು ತಿಂಗಳಾಗುವಷ್ಟರಲ್ಲಿ ಅದು ಎರಡೂವರೆ ಗಂಟೆ ಆಗಿತ್ತು. ಹೇಗೆ ಅಂತೀರಾ? ಅಳತೆ ಇದ್ದಾಗ ಎಲ್ಲರ ಕಣ್ಣೂ ಚಿನ್ನಿಯ ಮೇಲೆ ಇರುತ್ತಿತ್ತು, ಬಿದ್ದ ಜಾಗ ಎಲ್ಲರಿಗೂ ಗೊತ್ತು. ಅಳತೆ ಹೋದ ಮೇಲೆ ಅದು ಎಲ್ಲಿ ಬಿತ್ತು ಅಂತ ನೋಡುವವರೇ ಇಲ್ಲ. ಕಾಲು ಗಂಟೆ ಹುಡುಕಾಟ. ಯಾರ ಸರದಿ ಅಂತ ಯಾರಿಗೂ ಗೊತ್ತಿಲ್ಲ. ಔಟ್ ಆದವನು “ಇದು ಲೆಕ್ಕಕ್ಕಿಲ್ಲ, ಇನ್ನೊಂದು” ಅಂತ ದಾಂಡು ಬಿಡುವುದಿಲ್ಲ. ಮುರುಗೇಶ ಪೂರ್ತಿ ತಮಿಳಿಗೆ ಇಳಿದ. ಸಿದ್ರಾಜು ಬದುವಿನ ಮೇಲೆ ಕೂತು ಫೋನಿನಲ್ಲಿ ಬೆಲ್ಲ ಮಾರುತ್ತಿದ್ದ. ಒಂದು ಭಾನುವಾರ ನಾನೊಬ್ಬನೇ ಬಂದಿದ್ದೆ. ಅಲ್ಲಿಗೆ ಮುಗಿಯಿತು.

ಮಗ್ಗದಯ್ಯನವರನ್ನು ಯಾಕೆ ಬರಲಿಲ್ಲ ಅಂತ ಯಾರೂ ಹೋಗಿ ಕೇಳಲಿಲ್ಲ. ವಾರಕ್ಕೆರಡು ಸಲ ಲಾರಿ ಕೆಲಸಕ್ಕೆ ನಾನು ಅವರ ಬೀದಿಯ ಮುಂದೆಯೇ ಹಾದು ಹೋಗುತ್ತಿದ್ದೆ. ತಿರುಗಿದರೆ ಐದು ಮನೆ. ತಿರುಗಲಿಲ್ಲ. ಹೋದ ತಿಂಗಳು ಸಿದ್ರಾಜು ಫೋನ್ ಮಾಡಿ, “ಮಗ್ಗದಯ್ಯ ಓಗ್ಬುಟ್ರಂತೆ. ಮಗ್ಗದ ಮುಂದೇನೇ ಕುಂತಂಗೇ” ಅಂದ. ಅವತ್ತು ಅವನ ಬಾಯಲ್ಲಿ ಎರಡ್ ಕಮ್ಮಿ ಬರಲಿಲ್ಲ.

ಹನ್ನೊಂದನೇ ದಿನಕ್ಕೆ ಹೋದೆ. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇತ್ತು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು. ನೀರು ಕೊಟ್ಟು, ಎದುರಿಗೆ ಕೂತು, ಸೆರಗಿನಲ್ಲಿ ಕೈ ಸುತ್ತಿಕೊಂಡು ಕೇಳಿದರು: “ಸಾ, ನೀವು ದೊಡ್ಡೋರು. ಒಂದ್ ಮಾತು ಕೇಳ್ಲಾ? ಅವರ್ ಮ್ಯಾಲಿನ ಕ್ವಾಪ ಈಗ್ಲಾದ್ರೂ ಓಯ್ತಾ?”

“ಕೋಪ ಏನವ್ವಾ? ಯಾವ ಕೋಪ?”

“ಅದೇಯಾ, ಆ ಎಂಬತ್ತೆಂಟು.”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. “ಅವತ್ತು ನಿಮ್ದು ಎಂಬತ್ತೊಂದೇ ಇತ್ತಂತೆ ಸಾ. ಎಂಬತ್ತೊಂದು ಅಂದ್ರೆ ತೋಪಿನೋರ ಮುಂದೆ ಯಜಮಾನ್ರ ಕಣ್ಣಿನ ಮಾನ ಓಯ್ತದೆ, ತೊಂಬತ್ತೇ ಅಂದ್ರೆ ಔಟಾದೋರ್ನ ಗೆಲ್ಲಿಸ್ದಂಗಾಯ್ತದೆ, ಎರಡು ಕಮ್ಮಿ ಅಂದ್ರೆ ಯಾರೂ ಆಡ್ಕಳಕಿಲ್ಲ ಅಂತ ಏಳು ಸೇರ್ಸಿ ಏಳ್ಬುಟ್ರಂತೆ. ಮನೆಗೆ ಬಂದೋರು ಊಟ ಮಾಡ್ನಿಲ್ಲ. ನನ್ ಜನ್ಮದಲ್ಲಿ ಮೊದಲ್ನೇ ಸುಳ್ಳು ಲೆಕ್ಕ ಕಣೇ ಅಂದ್ರು. ಆಮೇಲೆ ನೀವು ಲೆಕ್ಕಾನೇ ಬ್ಯಾಡ ಅಂದ್ರಂತಲ್ಲಾ, ಯಜಮಾನ್ರಿಗೆ ಗೊತ್ತಾಗೋಗದೆ, ಎಲ್ರ ಮುಂದೆ ಏಳ್ದೆ ಮರ್ಯಾದೆ ಉಳಿಸವ್ರೆ, ಇನ್ ಯಾವ ಮುಖ ಇಟ್ಕಂಡು ಓಗ್ಲಿ ಅಂದ್ರು. ಭಾನುವಾರ ಬಂದ್ರೆ ಎದ್ದು ದಾಂಡ್ಗೆ ಎಣ್ಣೆ ಸವರೋರು. ಬಸ್ಸಿನ ಸದ್ದು ಓದ್ಮ್ಯಾಲೆ ಮಗ್ಗಕ್ಕೆ ಇಳ್ಯೋರು.”

ಪೆಟ್ಟಿಗೆಯಿಂದ ಎಳೆಗಳ ಒಂದು ಕಂತೆ ತಂದು ತೋರಿಸಿದರು. ಎಲ್ಲ ಭಾನುವಾರದವೂ ಇದ್ದವು. ಹಸಿರು ಎಳೆ ಒಂದನ್ನು ಬೇರೆ ಸುತ್ತಿಟ್ಟಿದ್ದರು. ಬೆರಳಲ್ಲಿ ಓಡಿಸಿ ನೋಡಿದೆ. ಎಂಟು ಗಂಟು, ತುದಿಯಲ್ಲಿ ಒಂದೇ ಒಂದು ಸಣ್ಣ ಗಂಟು. ಬಾಯಲ್ಲಿ ಸುಳ್ಳು ಹೇಳಿದವರು ಎಳೆಯಲ್ಲಿ ಹೇಳಿರಲಿಲ್ಲ.

ದಾಂಡು ಕೇಳಿದೆ. ಏನು ಕೊಡಲವ್ವಾ ಅಂದೆ. ಬಾಯಿ ತಪ್ಪಿ ಬಂದ ಮಾತು, ವ್ಯಾಪಾರಿಯ ನಾಲಗೆ. ಅವರು ದಾಂಡನ್ನು ಸೆರಗಿನಲ್ಲಿ ಒರೆಸಿ, “ಐನೂರು” ಅಂದರು. ನನಗೆ ನಮ್ಮ ಆಟವೇ ನೆನಪಾಯಿತು. ಅಳಿ ಅನ್ನಲಿಲ್ಲ. ಕೊಟ್ಟೆ.

ಅಲ್ಲಿಂದ ಸೀದಾ ಕಾಮಗೆರೆಯ ಹೊಲಕ್ಕೆ ಹೋದೆ. ಗುಂಡಿ ಅರ್ಧ ಮುಚ್ಚಿತ್ತು. ಆಚೆ ಬದುವಿನ ಕಲ್ಲು ಇದ್ದಲ್ಲೇ ಇತ್ತು. ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು ಬಗ್ಗಿದೆ. ದಾಂಡು ಮಲಗಿಸು, ಹೆಬ್ಬೆರಳು ಒತ್ತು, ಮುಂದಕ್ಕೆ. ಮೂವತ್ತಕ್ಕೆ ಸೊಂಟ ಹಿಡಿಯಿತು. ಅರವತ್ತಕ್ಕೆ ಕಣ್ಣಿಗೆ ಬೆವರು ಇಳಿಯಿತು. ಕಲ್ಲು ಮುಟ್ಟಿದಾಗ ಎಂಬತ್ತೊಂದು. ಮೊಬೈಲ್ ನೋಡಿದೆ. ನಾಲ್ಕು ನಿಮಿಷ.

ನಾಲ್ಕು ನಿಮಿಷ ತಡ ಅಂತ ಆ ಮನುಷ್ಯನನ್ನು ನಾನು ಕಳಿಸಿದ್ದು. ಆ ತೋಪು ಇವತ್ತಿಗೂ ನನ್ನ ಕೈಯಲ್ಲೇ ಇದೆ. ನನ್ನ ಕಣ್ಣಿಗೆ ಸಿಕ್ಕಿದ್ದು ಅಂತ ಇಷ್ಟು ದಿನ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಇನ್ನು ನಿಮಗೆ ಹೇಳುವುದು. ಶಟಲ್ ಆಡಿ, ಕೇರಂ ಆಡಿ, ದುಡ್ಡಿರುವವರು ಮೈಸೂರಿಗೆ ಹೋಗಿ ಗಾಲ್ಫ್ ಬೇಕಾದರೂ ಆಡಿ, ಖುಷಿಗೆ ಆಡುವ ಆಟಕ್ಕೂ ಲೆಕ್ಕ ಇಡಿ. ಒಬ್ಬರು ಅಳೆಯುತ್ತಿರುವಾಗಲೇ ಮುಂದಿನವನು ದಾಂಡು ಹಿಡಿದು ಗುಂಡಿಯ ಹತ್ತಿರ ತಯಾರಾಗಿರಲಿ, ಅರ್ಧ ಹೊತ್ತು ಅಲ್ಲೇ ಉಳಿಯುತ್ತದೆ. ತಡ ಅಂತ ಯಾರಾದರೂ ಕೂಗಿದರೆ ಮೊದಲು ಗಡಿಯಾರ ನೋಡಿ, ಆಮೇಲೆ ಕೂಗುತ್ತಿರುವವನ ಮುಖ ನೋಡಿ. ಹಿಂದಿನ ವಾರ ಸೋತವನು ಅವನೇ ಆಗಿರುತ್ತಾನೆ. ವ್ಯಾಪಾರದ ಮೌನವನ್ನು ವ್ಯಾಪಾರಕ್ಕೇ ಇಟ್ಟುಕೊಳ್ಳಿ. ತಪ್ಪು ಕಂಡಿರಾ ಅಂತ ಒಬ್ಬ ಕೇಳಿದರೆ ಇಲ್ಲ ಅನ್ನಿ, ಒಂದೇ ಮಾತು, ಖರ್ಚಿಲ್ಲ. ಒಂದು ಭಾನುವಾರ ಬರದವರ ಮನೆಗೆ ಸೋಮವಾರವೇ ಹೋಗಿ, ಹನ್ನೊಂದನೇ ದಿನಕ್ಕಲ್ಲ.

ಮತ್ತೆ, ನಿಮ್ಮದನ್ನು ಯಾರಾದರೂ ಬಗ್ಗಿ ಅಳೆಯುತ್ತಿದ್ದರೆ ಬದುವಿನ ಮೇಲೆ ಮಾತಾಡುತ್ತಾ ನಿಲ್ಲಬೇಡಿ. ಇಳಿದು ಹೋಗಿ, ಪಕ್ಕದಲ್ಲಿ ನಡೆಯುತ್ತಾ ನೀವೂ ಜೋರಾಗಿ ಎಣಿಸಿ. ಎಂಬತ್ತೊಂದಾದರೆ ಎಂಬತ್ತೊಂದು ಅಂತ ನೀವೇ ಹೇಳಿ.